ಗಾಂಜಾ ಗಿಡದ ಎಲೆ ಸವರಿಕೆ

ಎಲೆ ಸವರಿಕೆ ಎಂದರೆ ಹೂಬಿಡಲು ತೊಡಗಿದ ಹೆಣ್ಣು ಗಾಂಜಾ ಗಿಡದ ಅಗಲವಾದ ಎಲೆಗಳಲ್ಲಿ ಕೆಲವನ್ನು, ಗಿಡ ಬೆಳೆಯುತ್ತಿರುವಾಗಲೇ, ಆರಿಸಿ ತೆಗೆದುಹಾಕುವ ಬೇಸಾಯ ಕ್ರಮ. ಒಳಗಿನ ಮತ್ತು ಕೆಳಗಿನ ಹೂಗೊಂಚಲುಗಳಿಗೆ ಬೆಳಕು ಮುಟ್ಟಿಸುವುದು, ಗಿಡದೊಳಗೆ ಗಾಳಿಯಾಡುವಂತೆ ಮಾಡುವುದು, ಬೂಷ್ಟು ರೋಗಗಳನ್ನು ದೂರವಿಡುವುದು ಇದರ ಉದ್ದೇಶ. ಕೆನಡಾ, ಇಸ್ರೇಲ್ ಮತ್ತು ಅಮೆರಿಕದ ಹಲವು ರಾಜ್ಯಗಳಲ್ಲಿ ಸರ್ಕಾರದ ಪರವಾನಗಿ ಪಡೆದು ಗಾಂಜಾ ಬೆಳೆಯುವ ಹಸಿರುಮನೆಗಳಲ್ಲಿಯೂ ದೀಪದ ಬೆಳಕಿನ ಕೋಣೆಗಳಲ್ಲಿಯೂ ಇದು ರೂಢಿಯಲ್ಲಿದೆ. ಸವರಿದರೆ ಇಳುವರಿ ಏರುತ್ತದೆಯೋ ಇಳಿಯುತ್ತದೆಯೋ ಎಂಬುದು ಅಲ್ಲಿನ ಬೆಳೆಗಾರರ ನಡುವೆ ತೀರದ ಜಗಳ. ಭಾರತದಲ್ಲಿ ಹೂಗೊಂಚಲಿಗಾಗಿ ಈ ಗಿಡ ಬೆಳೆಯುವುದು ಅಪರಾಧ. ಆದರೆ ಗಾಂಜಾ ಗಿಡವನ್ನು ಸವರಿ ಬೆಳೆಸುವುದರ ಹಳೆಯ, ವಿವರವಾದ ದಾಖಲೆ ಸಿಗುವುದು ಬಂಗಾಳದ ಹೊಲಗಳಿಂದಲೇ.

ಹೆಸರು ಮತ್ತು ವ್ಯಾಪ್ತಿ

ಮರದ ರೆಂಬೆ ಸವರುವುದು, ಗೊಬ್ಬರಕ್ಕೆ ಸೊಪ್ಪು ಸವರುವುದು ಎಂಬ ಬಳಕೆ ಕನ್ನಡದ ಹೊಲ-ತೋಟಗಳಲ್ಲಿ ಹಳೆಯದು. ಅದೇ ಮಾತನ್ನು ಇಲ್ಲಿ ಎಲೆಗಷ್ಟೇ ಸೀಮಿತಗೊಳಿಸಿ ಬಳಸಲಾಗಿದೆ. ಇದರ ಜೊತೆ ಸೇರಿಹೋಗುವ ಬೇರೆ ಮೂರು ಕೆಲಸಗಳಿವೆ. ತುದಿಯ ಮೊಗ್ಗನ್ನು ತೆಗೆದು ಪಕ್ಕದ ರೆಂಬೆಗಳನ್ನು ಹೊರಡಿಸುವುದು ಕುಡಿ ಚಿವುಟುವಿಕೆ. ಬುಡದ ಬಡಕಲು ಕವಲುಗಳನ್ನು ಕತ್ತರಿಸುವುದು ರೆಂಬೆ ಸವರಿಕೆ. ಕೊಯ್ದ ಗೊಂಚಲಿನ ಸುತ್ತಲ ಎಲೆಗಳನ್ನು ಕತ್ತರಿಯಿಂದ ಒಪ್ಪ ಮಾಡುವುದು ಟ್ರಿಮ್ಮಿಂಗ್. ಇದು ಕೊಯ್ಲಿನ ನಂತರದ ಕೆಲಸವಾದ್ದರಿಂದ ಗಿಡದ ಬೆಳವಣಿಗೆಗೂ ಇದಕ್ಕೂ ಸಂಬಂಧವಿಲ್ಲ.

ಗಿಡದ ಹೆಸರಿನಲ್ಲೂ ಎಚ್ಚರ ಬೇಕು. ಕನ್ನಡದಲ್ಲಿ ಭಂಗಿ ಎಂಬ ಮಾತು ಸಾಮಾನ್ಯವಾಗಿ ಸೊಪ್ಪನ್ನೂ ಗಿಡವನ್ನೂ ಹೇಳುತ್ತದೆ. ಗಾಂಜಾ ಎಂದರೆ ಹೆಣ್ಣು ಗಿಡದ ಹೂಗೊಂಚಲು. ಚರಸ್ ಎಂದರೆ ಅದರ ಅಂಟು. ನಾರಿಗೋ ಬೀಜಕ್ಕೋ ಬೆಳೆಯುವ, ಅಮಲು ಬಹಳ ಕಡಿಮೆ ಇರುವ ತಳಿಗಳನ್ನು ಹೆಂಪ್ ಎನ್ನುತ್ತಾರೆ. ಪತ್ರಿಕೆಗಳು ಇದನ್ನು ಸೆಣಬು ಎಂದು ಬರೆಯುವುದುಂಟು. ಸೆಣಬು ಎಂದು ಕನ್ನಡಿಗರು ಕರೆಯುವ ಹಸಿರೆಲೆ ಗೊಬ್ಬರದ ಗಿಡಕ್ಕಾಗಲಿ, ಗೋಣಿಚೀಲದ ನಾರಿನ ಗಿಡಕ್ಕಾಗಲಿ ಗಾಂಜಾ ಕುಟುಂಬದ ನಂಟಿಲ್ಲ. ಈ ಲೇಖನದಲ್ಲಿ ಗಾಂಜಾ ಗಿಡ ಎಂದರೆ 1753ರಲ್ಲಿ ಲಿನೇಯಸ್ ಕ್ಯಾನಬಿಸ್ ಸಟೈವಾ ಎಂದು ಹೆಸರಿಟ್ಟ ಸಸ್ಯ. ಬಿಯರಿಗೆ ಕಹಿ ಕೊಡುವ ಹಾಪ್ ಬಳ್ಳಿ ಇದರ ಹತ್ತಿರದ ಬಂಧು. ಈ ಬಂಧುತ್ವದ ಬೆಲೆಯನ್ನು ಗಾಂಜಾ ಬೆಳೆಗಾರರು ಈಚೆಗೆ ತೆರುತ್ತಿದ್ದಾರೆ. ಅದನ್ನು ರೋಗಗಳ ಭಾಗದಲ್ಲಿ ಹೇಳಿದೆ.

ಎಲೆ ಮತ್ತು ಹೂಗೊಂಚಲಿನ ರಚನೆ

ಗಾಂಜಾ ಎಲೆ ಅಂಗೈಯಾಕಾರದ ಸಂಯುಕ್ತ ಎಲೆ. ಉದ್ದನೆಯ ತೊಟ್ಟಿನ ತುದಿಯಲ್ಲಿ ಒಂದೇ ಬಿಂದುವಿನಿಂದ ಕಿರುಎಲೆಗಳು ಬೆರಳುಗಳಂತೆ ಹರಡುತ್ತವೆ. ಅಂಚು ಗರಗಸದ ಹಲ್ಲು. ಮೊಳಕೆಯ ಮೊದಲ ಜೋಡಿಯಲ್ಲಿ ಒಂದೊಂದೇ ಕಿರುಎಲೆ. ಗಿಡ ಏರಿದಂತೆ ಮೂರು, ಐದು, ಏಳು, ಒಂಬತ್ತು ಎಂದು ಬೆಸ ಸಂಖ್ಯೆಯಲ್ಲಿ ಹೆಚ್ಚುತ್ತವೆ. ಹೂಬಿಡುವ ಹೊತ್ತಿಗೆ ಲೆಕ್ಕ ತಿರುಗಿ ಇಳಿಯತೊಡಗುತ್ತದೆ, ಗೊಂಚಲಿನ ತುದಿಯಲ್ಲಿ ಮತ್ತೆ ಒಂದೇ ಕಿರುಎಲೆಗೆ ಬಂದು ನಿಲ್ಲುತ್ತದೆ. ಬುಡದ ಕಡೆ ಎಲೆಗಳು ಗೆಣ್ಣಿನಲ್ಲಿ ಎದುರುಬದುರು. ಮೇಲೆ ಹೋದಂತೆ ಒಂದಾದ ಮೇಲೊಂದು ಪರ್ಯಾಯವಾಗಿ.

ಸವರಿಕೆಯ ದೃಷ್ಟಿಯಿಂದ ಎಲೆ ಎರಡು ಬಗೆ. ಕಾಂಡ ಮತ್ತು ರೆಂಬೆಗಳ ಗೆಣ್ಣಿನಿಂದ ಹೊರಟು ಹರಡಿಕೊಳ್ಳುವುದು ಬೀಸಣಿಗೆ ಎಲೆ. ಹೂಗೊಂಚಲಿನ ಒಳಗಿಂದ ತುದಿಯಷ್ಟೇ ಇಣುಕುವ ಪುಟ್ಟ ಎಲೆ ಗೊಂಚಲೆಲೆ. ಇದರ ಮೇಲೆ ಅಂಟಿನ ಹರಳುಗಳು ಸಕ್ಕರೆ ಉದುರಿಸಿದಂತೆ ಕಾಣುವುದರಿಂದ ಇಂಗ್ಲಿಷಿನಲ್ಲಿ ಶುಗರ್ ಲೀಫ್ ಎನ್ನುತ್ತಾರೆ. ಸವರುವುದು ಬೀಸಣಿಗೆ ಎಲೆಯನ್ನು ಮಾತ್ರ. ಗೊಂಚಲೆಲೆಯನ್ನು ಕೊಯ್ಲಿನವರೆಗೆ ಮುಟ್ಟುವುದಿಲ್ಲ.

ಹೆಣ್ಣು ಹೂವಿಗೆ ಎದ್ದು ಕಾಣುವ ದಳಗಳಿಲ್ಲ. ಒಂದು ಅಂಡಾಶಯ, ಅದನ್ನು ಅಪ್ಪಿಕೊಂಡ ಹಸಿರು ಪುಷ್ಪಪತ್ರ, ಅದರ ಬಾಯಿಂದ ಹೊರಬರುವ ಎರಡು ಬಿಳಿ ಎಳೆಗಳು, ಇಷ್ಟೇ. ಪುಷ್ಪಪತ್ರದ ಮೈಮೇಲೆ ಕಾಲುಳ್ಳ ಅಣಬೆಯಂಥ ರಸಗ್ರಂಥಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಗಾಂಜಾದ ಮುಖ್ಯ ರಾಸಾಯನಿಕಗಳಾದ ಕ್ಯಾನಬಿನಾಯ್ಡ್‌ಗಳು ತಯಾರಾಗುವುದು ಈ ಗ್ರಂಥಿಗಳಲ್ಲಿ. ಅಮಲು ತರುವ ಟಿಎಚ್‌ಸಿಯನ್ನು ಇಸ್ರೇಲಿನ ಯೆಹಿಯೆಲ್ ಗಾವೋನಿ ಮತ್ತು ರಫೆಲ್ ಮೆಶೂಲಮ್ 1964ರಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಬೀಸಣಿಗೆ ಎಲೆಯಲ್ಲಿ ಕಾಲುಳ್ಳ ಗ್ರಂಥಿಗಳು ಇಲ್ಲವೆನ್ನುವಷ್ಟು ವಿರಳ. ಹಾಗಾಗಿ ಸವರಿ ಬಿಸುಟ ಎಲೆಯಲ್ಲಿ ಕಳೆದುಹೋಗುವ ಔಷಧಾಂಶ ಅತ್ಯಲ್ಪ. ಬೆಳೆಗಾರ ಕೈಚೆಲ್ಲುವುದು ಔಷಧವನ್ನಲ್ಲ, ಅದನ್ನು ಕಟ್ಟುವ ಸಕ್ಕರೆಯನ್ನು ಬೇಯಿಸುವ ಒಲೆಯನ್ನು.

ಹೂಬಿಡುವ ಕಾಲ

ಗಾಂಜಾ ಹೆಚ್ಚಿನಂಶ ಗಂಡು ಹೆಣ್ಣು ಬೇರೆ ಬೇರೆ ಗಿಡಗಳಾಗಿರುವ ಸಸ್ಯ, ಮತ್ತು ಕಿರುಹಗಲಿನ ಸಸ್ಯ. ಹಗಲು ಕುಗ್ಗಿ ಇರುಳು ಹಿಗ್ಗಿದಾಗ ಹೂಗೊಂಚಲು ಕಟ್ಟುತ್ತದೆ. ಕೋಣೆಯಲ್ಲಿ ಬೆಳೆಸುವವರು ದೀಪವನ್ನು ದಿನಕ್ಕೆ 18 ಗಂಟೆಯಿಂದ 12 ಗಂಟೆಗೆ ಇಳಿಸಿ ಈ ಬದಲಾವಣೆಯನ್ನು ತರುತ್ತಾರೆ. ಅಲ್ಲಿಂದ ಕೊಯ್ಲಿಗೆ ಸಾಮಾನ್ಯವಾಗಿ 8ರಿಂದ 10 ವಾರ. ಇಸ್ರೇಲಿನ ವೋಲ್ಕಾನಿ ಕೃಷಿ ಸಂಶೋಧನಾ ಕೇಂದ್ರದ ತಂಡವೊಂದು 2019ರಲ್ಲಿ ತೋರಿಸಿದಂತೆ, ಒಂಟಿ ಹೂಗಳು ದೀರ್ಘ ಹಗಲಿನಲ್ಲೂ ಎಲೆಕಂಕುಳಲ್ಲಿ ಮೂಡುತ್ತವೆ; ಕಿರುಹಗಲು ಮಾಡುವುದು ಆ ಹೂಗಳ ನಡುವಿನ ಗೆಣ್ಣುಗಳನ್ನು ಗಿಡ್ಡಗೊಳಿಸಿ, ಕವಲ ಮೇಲೆ ಕವಲು ಒಡೆಸಿ, ಒತ್ತಾದ ಗೊಂಚಲು ಕಟ್ಟುವುದನ್ನು.

ಹಗಲು ಕುಗ್ಗಿದ ಮೊದಲ ಎರಡು-ಮೂರು ವಾರ ಗಿಡ ಸರ್ರನೆ ಎತ್ತರಕ್ಕೆ ಹೋಗುತ್ತದೆ. ಎಷ್ಟೋ ತಳಿಗಳು ಈ ಅವಧಿಯಲ್ಲಿ ಎರಡು ಪಟ್ಟಾಗುತ್ತವೆ. ಅದು ಮುಗಿದರೆ ಹೊಸ ಬೀಸಣಿಗೆ ಎಲೆ ಹುಟ್ಟುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ಎಲೆ ಸವರಿಕೆಯ ಇಡೀ ಚರ್ಚೆಗೆ ಕೀಲಿ ಇಲ್ಲಿದೆ. ಹೂಬಿಡುವ ಮುಂಚೆ ತೆಗೆದ ಎಲೆಯ ಜಾಗವನ್ನು ಗಿಡ ಹೊಸ ಎಲೆಯಿಂದ ತುಂಬಿಕೊಳ್ಳುತ್ತದೆ. ನಾಲ್ಕನೆಯ ವಾರದ ನಂತರ ತೆಗೆದ ಎಲೆ ಹೋದದ್ದು ಹೋದಂತೆಯೇ.

ಚರಿತ್ರೆ

ಬ್ರಿಟಿಷರ ಕಾಲದಲ್ಲಿ ಬಂಗಾಳದ ರಾಜಶಾಹಿ ಜಿಲ್ಲೆಯ ನವ್‌ಗಾಂವ್ ಸುತ್ತಲಿನ ಪ್ರದೇಶಕ್ಕೆ ಗಾಂಜಾ ಮಹಲ್ ಎಂದೇ ಹೆಸರಿತ್ತು. ಈಗ ಅದು ಬಾಂಗ್ಲಾದೇಶದಲ್ಲಿದೆ. ಅಲ್ಲಿ ಸರ್ಕಾರದ ಪರವಾನಗಿಯ ಮೇಲೆ ರೈತರು ಗಾಂಜಾ ಬೆಳೆದು ಸರ್ಕಾರಿ ಉಗ್ರಾಣಕ್ಕೆ ಹಾಕುತ್ತಿದ್ದರು. ಕಲ್ಕತ್ತದ ಸಸ್ಯೋದ್ಯಾನದ ಡೇವಿಡ್ ಪ್ರೇನ್ 1893ರಲ್ಲಿ ಈ ಬೇಸಾಯದ ಬಗ್ಗೆ ವರದಿ ಬರೆದರು. ಅದೇ ವರ್ಷ ನೇಮಕಗೊಂಡು ಮರುವರ್ಷ ವರದಿ ಒಪ್ಪಿಸಿದ ಭಾರತೀಯ ಮಾದಕ ಸಸ್ಯ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ನವ್‌ಗಾಂವ್ ಕ್ರಮವನ್ನು ತಿಂಗಳು ತಿಂಗಳ ಲೆಕ್ಕದಲ್ಲಿ ದಾಖಲಿಸಿತು.

ಮಡಿಯಲ್ಲಿ ಬೆಳೆದ ಸಸಿಯನ್ನು ಸೆಪ್ಟೆಂಬರ್ ಹೊತ್ತಿಗೆ ಸಾಲಿಗೆ ನಾಟಿ ಮಾಡುತ್ತಿದ್ದರು. ನವೆಂಬರ್ ಹೊತ್ತಿಗೆ ಗಿಡದ ಕೆಳರೆಂಬೆಗಳನ್ನು ಸವರಿ, ಬುಡಕ್ಕೆ ಸಗಣಿಗೊಬ್ಬರವನ್ನೂ ಹಿಂಡಿಯನ್ನೂ ಕೊಟ್ಟು ಮಣ್ಣೇರಿಸುತ್ತಿದ್ದರು. ಗಿಡ ಬುಡದಲ್ಲಿ ತೆರವಾಗಿ ಮೇಲಕ್ಕೆ ಗೋಪುರದಂತೆ ಏರಲಿ ಎಂಬುದು ಲೆಕ್ಕ. ಹೂ ಮೂಡುವ ಮುಂಚೆ ಪೋದ್ದಾರ್ ಅಥವಾ ಪರಖ್‌ದಾರ್ ಎಂಬ ನುರಿತ ಕೂಲಿಯವನು ಬರುತ್ತಿದ್ದ; ಇಂಗ್ಲಿಷ್ ವರದಿಗಳು ಅವನನ್ನು ಗಾಂಜಾ ಡಾಕ್ಟರ್ ಎನ್ನುತ್ತವೆ. ಅವನ ಕೆಲಸ ಸಾಲು ಸಾಲಾಗಿ ನಡೆಯುತ್ತ, ಪ್ರತಿ ಗಿಡದ ಗೆಣ್ಣನ್ನು ನೋಡಿ, ಮೊಗ್ಗು ಇನ್ನೂ ಎಳ್ಳಿನಷ್ಟಿರುವಾಗಲೇ ಗಂಡು ಗಿಡಗಳನ್ನು ಗುರುತಿಸಿ ತೆಗೆಸುವುದು. ಒಂದು ಗಂಡು ಗಿಡ ಕಣ್ತಪ್ಪಿದರೆ ಸುತ್ತಲ ಹೊಲದಲ್ಲಿ ಬೀಜ ಕಟ್ಟಿ ಸರಕಿನ ಬೆಲೆ ಬೀಳುತ್ತಿತ್ತು. ಜನವರಿಯ ನಂತರ ಕೊಯ್ದು, ಕಾಲಿನಲ್ಲಿ ತುಳಿದರೆ ಚಪ್ಪಟೆ ಗಾಂಜಾ, ಉರುಳಿಸಿದರೆ ಗೋಲ್ ಗಾಂಜಾ. ತುಳಿಯುವಾಗ ಒಣ ಎಲೆ ತಾನಾಗಿ ಉದುರುತ್ತಿತ್ತು. ಅಂದರೆ ಬಂಗಾಳದ ರೈತ ಸವರಿದ್ದು ಕೆಳರೆಂಬೆಯನ್ನು, ಹೂಬಿಡುವುದಕ್ಕೆ ಮುಂಚೆ. ಹೂ ಕಟ್ಟಿದ ಗಿಡದ ಎಲೆಯನ್ನು ಒಂದೊಂದಾಗಿ ಬಿಡಿಸುವ ಕ್ರಮ ಅಲ್ಲಿನ ಪದ್ಧತಿಯಾಗಿರಲಿಲ್ಲ. 1917ರಲ್ಲಿ ನವ್‌ಗಾಂವ್ ಗಾಂಜಾ ಬೆಳೆಗಾರರು ಸಹಕಾರಿ ಸಂಘವನ್ನೂ ಕಟ್ಟಿಕೊಂಡಿದ್ದರು.

ಹಿಮಾಚಲದ ಕುಲ್ಲು ಕಡೆ ಕೈಯುಜ್ಜಿ ಚರಸ್ ತೆಗೆಯುವವರು ಉಜ್ಜುವ ಮುಂಚೆ ದೊಡ್ಡ ಎಲೆಗಳನ್ನು ಕಿತ್ತುಹಾಕುತ್ತಾರೆ. ಅದು ಅಂಟಿಗೆ ಹಸಿರು ರಸ ಬೆರೆಯದಿರಲೆಂದು, ಗಿಡದ ಬೆಳವಣಿಗೆಗಾಗಿ ಅಲ್ಲ. ಮೊರಾಕ್ಕೊದ ರಿಫ್ ಬೆಟ್ಟಗಳಲ್ಲಿಯೂ ಲೆಬನಾನಿನ ಬೆಕಾ ಕಣಿವೆಯಲ್ಲಿಯೂ ಗಿಡವನ್ನು ಇಡಿಯಾಗಿ ಒಣಗಿಸಿ ಜರಡಿ ಹಿಡಿಯುವುದರಿಂದ ಎಲೆಯ ಗೊಡವೆಯೇ ಇಲ್ಲ.

ಇಂದಿನ ಅರ್ಥದ ಎಲೆ ಸವರಿಕೆಯನ್ನು ಬೆಳೆಸಿದ್ದು ದೀಪ. 1983ರಲ್ಲಿ ಕ್ಯಾಲಿಫೋರ್ನಿಯ ಹೆಲಿಕಾಪ್ಟರುಗಳನ್ನಿಟ್ಟುಕೊಂಡು ಗಾಂಜಾ ಗಿಡ ಕೀಳುವ ಕಾರ್ಯಾಚರಣೆ ಶುರುಮಾಡಿತು. ಕಳ್ಳ ಬೆಳೆಗಾರರಲ್ಲಿ ಅನೇಕರು ಬೆಟ್ಟ ಬಿಟ್ಟು ಮನೆಯೊಳಗೆ ಸೋಡಿಯಂ ದೀಪದ ಕೆಳಗೆ ಬಂದರು. ಸೂರ್ಯ ಬೆಳಗಿನಿಂದ ಸಂಜೆಗೆ ಕೋನ ಬದಲಿಸುತ್ತ ಗಿಡದ ಎಲ್ಲ ಮಗ್ಗುಲಿಗೂ ಬೆಳಕು ಕೊಡುತ್ತಾನೆ, ಮೋಡವಿದ್ದ ದಿನ ಆಕಾಶವೆಲ್ಲ ಬೆಳಕಿನ ಮೂಲವಾಗುತ್ತದೆ. ದೀಪ ನೇತುಹಾಕಿದಲ್ಲೇ ನಿಲ್ಲುತ್ತದೆ, ಅದರ ಬೆಳಕು ಮೇಲಿನಿಂದ ಮಾತ್ರ ಬೀಳುತ್ತದೆ, ದೂರ ಸರಿದಂತೆ ಬೇಗ ಕ್ಷೀಣಿಸುತ್ತದೆ. ಬಯಲಿನಲ್ಲಿ ತೊಂದರೆಯಾಗಿರದ ಮೇಲಿನ ಎಲೆಯ ನೆರಳು ಕೋಣೆಯೊಳಗೆ ತೊಂದರೆಯಾಯಿತು. ಬಯಲು ಬೆಳೆಗಾರರ ಅನುಭವಕ್ಕೂ ಕೋಣೆಯ ಬೆಳೆಗಾರರ ಅನುಭವಕ್ಕೂ ಈಗಲೂ ತಾಳೆಯಾಗದಿರುವುದಕ್ಕೆ ಇದೇ ಬಹುಪಾಲು ಕಾರಣ. ಇಬ್ಬರೂ ತಮ್ಮ ತಮ್ಮ ಬೆಳಕಿನ ಮಟ್ಟಿಗೆ ನಿಜವನ್ನೇ ಹೇಳುತ್ತಿರುತ್ತಾರೆ.

ಗಿಡದೊಳಗೆ ನಡೆಯುವುದು

ಒಂದು ಆರೋಗ್ಯವಂತ ಎಲೆ ತನ್ನ ಮೇಲೆ ಬಿದ್ದ, ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನಲ್ಲಿ ಸುಮಾರು ಶೇ. 85ನ್ನು ಹೀರಿಕೊಳ್ಳುತ್ತದೆ, ಉಳಿದದ್ದರಲ್ಲಿ ಸ್ವಲ್ಪ ಪುಟಿದು ಹೋಗುತ್ತದೆ, ಸ್ವಲ್ಪ ತೂರಿ ಕೆಳಗಿಳಿಯುತ್ತದೆ. ನೇರ ಕೆಳಗಿನ ಎರಡನೆಯ ಎಲೆಗೆ ಸಿಗುವುದು ಹತ್ತರಲ್ಲೊಂದು ಪಾಲಿಗೂ ಕಡಿಮೆ. ಮೂರನೆಯ ಪದರದ ಎಲೆ ದುಡಿದ ಸಕ್ಕರೆ ಅದರ ಸ್ವಂತ ಉಸಿರಾಟಕ್ಕೂ ಸಾಲದೆ ಹೋಗಬಹುದು. ಎಲೆಯ ಮೂಲಕ ತೂರಿಬರುವ ಬೆಳಕಿನ ಬಣ್ಣವೂ ಬೇರೆ: ಕೆಂಪು ಮತ್ತು ನೀಲಿ ಮೇಲೆಯೇ ಖರ್ಚಾಗಿ, ದೂರಗೆಂಪು ಮಾತ್ರ ಧಾರಾಳವಾಗಿ ಕೆಳಗಿಳಿಯುತ್ತದೆ. ಕೆಳಗಿನ ರೆಂಬೆ ಅದನ್ನು ನೆರಳಿನ ಸೂಚನೆಯೆಂದು ಓದಿ ಸಣ್ಣಗೆ ಉದ್ದಕ್ಕೆ ಚಾಚುತ್ತದೆ, ಅದರ ಗೊಂಚಲು ಸಡಿಲವಾಗುತ್ತದೆ.

ಸವರಬೇಕೆನ್ನುವವರ ವಾದಕ್ಕೆ ಆಧಾರ ಇದು. ಇದರ ಎದುರು ನಿಲ್ಲುವುದು ದುಡಿಯುವ ಭಾಗ ಮತ್ತು ಉಣ್ಣುವ ಭಾಗದ ಲೆಕ್ಕ. ಬೆಳೆದ ಎಲೆ ಸಕ್ಕರೆ ತಯಾರಿಸಿ ಹೊರಗೆ ಕಳಿಸುತ್ತದೆ. ಗೊಂಚಲು, ಬೇರು, ಕುಡಿ ಅದನ್ನು ಪಡೆಯುತ್ತವೆ. ಗೊಂಚಲಿನ ಹಸಿರು ಭಾಗಗಳು ಬೆಳಕು ಬಿದ್ದರೆ ಒಂದಿಷ್ಟು ಸಕ್ಕರೆ ತಯಾರಿಸುತ್ತವೆಯಾದರೂ ಅದು ಅಗಲವಾದ ಎಲೆಯ ದುಡಿಮೆಗೆ ಸಮವಲ್ಲ. ಬೆಳಕು ಬೇಕಿರುವುದು ಹೂವಿಗೇ ಎಂಬ ಸರಳ ಮಾತು ಆದ್ದರಿಂದ ಅರ್ಧ ಮಾತ್ರ ಸರಿ. ಹೂವಿನ ಪಕ್ಕದ ಎಲೆಯನ್ನು ಕಿತ್ತು ಹೂವಿಗೆ ಬೆಳಕು ಕೊಡುವುದು ಊಟ ಬಡಿಸುವವರನ್ನೆಬ್ಬಿಸಿ ಪಂಕ್ತಿಗೆ ಜಾಗ ಮಾಡಿದಂತೆ.

ಎಲೆ ಉಗ್ರಾಣವೂ ಹೌದು. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಹಳೆಯ ಎಲೆಯಿಂದ ಹೊಸ ಭಾಗಕ್ಕೆ ಸಾಗಬಲ್ಲವು. ಹೂ ಬಲಿಯುವ ಕೊನೆಯ ವಾರಗಳಲ್ಲಿ ಬುಡದ ಎಲೆಗಳು ಹಳದಿಯಾಗುವುದು ಸಾಮಾನ್ಯವಾಗಿ ಈ ಸಾಗಾಟದ ಗುರುತು. ಹಾಗೆ ಬರಿದಾದ ಎಲೆಯ ತೊಟ್ಟನ್ನು ಬೆರಳಿನಿಂದ ಕೆಳಮುಖವಾಗಿ ಒತ್ತಿದರೆ ಗೆಣ್ಣಿನ ಬಳಿ ತಾನೇ ಕಳಚಿಕೊಂಡು ಬರುತ್ತದೆ, ಗಾಯ ಒಣಗಿರುತ್ತದೆ. ಹಸಿರಾಗಿರುವ ಎಲೆಯನ್ನು ಹಾಗೆ ಎಳೆದರೆ ಕಾಂಡದ ಸಿಪ್ಪೆಯ ಸೀಳೂ ಜೊತೆಗೆ ಬರುತ್ತದೆ. ಅದನ್ನು ಕಾಂಡದಿಂದ ತುಸು ದೂರಕ್ಕೆ, ತೊಟ್ಟಿನ ಮೋಟು ಉಳಿಯುವಂತೆ ಕತ್ತರಿಸುವುದೇ ರೂಢಿ. ಮೋಟು ಕೆಲವು ದಿನದಲ್ಲಿ ಒಣಗಿ ಬೀಳುತ್ತದೆ.

ನೀರಿನ ಲೆಕ್ಕವೂ ಬದಲಾಗುತ್ತದೆ. ಎಲೆ ಕಡಿಮೆಯಾದರೆ ಆವಿಯಾಗುವ ನೀರೂ ಕಡಿಮೆ; ಹಿಂದಿನ ಅಳತೆಯಲ್ಲೇ ನೀರು ಕೊಟ್ಟರೆ ಕುಂಡ ಒದ್ದೆಯಾಗೇ ಉಳಿದು ಬೇರು ಉಸಿರುಗಟ್ಟುತ್ತದೆ. ಸವರಿದ ನಂತರ ಗಿಡ ಸೊರಗಿತು ಎಂಬ ದೂರಿನಲ್ಲಿ ತಪ್ಪು ಕತ್ತರಿಯದ್ದೋ ಕೊಳಾಯಿಯದ್ದೋ ನೋಡಬೇಕಾಗುತ್ತದೆ.

ವಿಧಗಳು

ರೂಢಿಯಲ್ಲಿರುವ ವಿಧಗಳನ್ನು ತೀವ್ರತೆಯ ಮೇಲೆ ವಿಂಗಡಿಸಬಹುದು. ಅತಿ ಸೌಮ್ಯವಾದದ್ದು ಹಳದಿಯಾದ, ರೋಗ ತಗುಲಿದ, ಮಣ್ಣಿಗೆ ತಾಗುವ ಎಲೆಗಳನ್ನಷ್ಟೇ ತೆಗೆಯುವುದು. ಇದಕ್ಕೆ ಯಾರದೂ ತಕರಾರಿಲ್ಲ. ತೆಗೆಯದೆ ಸರಿಸುವುದು ಇನ್ನೊಂದು ದಾರಿ: ದೊಡ್ಡ ಎಲೆಯನ್ನು ಮಡಚಿ ರೆಂಬೆಯ ಕೆಳಗೆ ಸಿಕ್ಕಿಸುವುದು, ಇಲ್ಲವೆ ರೆಂಬೆಗಳನ್ನು ದಾರದಿಂದಲೋ ಬಲೆಯಿಂದಲೋ ಅಗಲಿಸಿ ಕಟ್ಟುವುದು. ಎಲೆ ಉಳಿದು ನೆರಳು ಸರಿಯುತ್ತದೆ. ಕೂಲಿ ಮಾತ್ರ ಹೆಚ್ಚು.

ಆಯ್ದ ಸವರಿಕೆಯಲ್ಲಿ ಗೊಂಚಲಿನ ಮೇಲೆ ನೇರ ನೆರಳು ಚೆಲ್ಲುವ, ಒಂದರ ಮೇಲೊಂದು ಒದ್ದೆಯಾಗಿ ಅಂಟಿಕೊಂಡಿರುವ ಎಲೆಗಳನ್ನು ಹುಡುಕಿ ತೆಗೆಯುತ್ತಾರೆ. ಒಮ್ಮೆಗೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಬೇಡ, ಮತ್ತೆ ಮುಟ್ಟುವ ಮುಂಚೆ ಗಿಡ ಚೇತರಿಸಿಕೊಳ್ಳಲಿ ಎಂಬುದು ಅನುಭವಿಗಳ ಅಳತೆ. ಅಮೆರಿಕದಲ್ಲಿ ಲಾಲಿಪಾಪ್ ಎಂದು ಕರೆಯುವ ಕ್ರಮದಲ್ಲಿ ಗಿಡದ ಕೆಳಗಿನ ಮೂರನೇ ಒಂದು ಭಾಗವನ್ನು ಎಲೆ, ಕವಲು ಸಮೇತ ಬೋಳಾಗಿಸುತ್ತಾರೆ. ಕಡ್ಡಿಯ ತುದಿಗೆ ಮಿಠಾಯಿ ಸಿಕ್ಕಿಸಿದಂತೆ ಗಿಡ ಕಾಣುತ್ತದೆ. ನವ್‌ಗಾಂವ್ ರೈತನ ಕೆಳರೆಂಬೆ ಸವರಿಕೆಗೂ ಇದಕ್ಕೂ ಹೆಸರಿನಲ್ಲಿ ಬಿಟ್ಟರೆ ಹೆಚ್ಚು ಅಂತರವಿಲ್ಲ.

ತೀವ್ರವಾದದ್ದು ಬೋಳು ಸವರಿಕೆ. ಹೂಬಿಡುವ ಬೆಳಕಿಗೆ ಬದಲಿಸಿದ ಮೊದಲ ದಿನ ಒಮ್ಮೆ, ಮೂರನೆಯ ವಾರದ ಕೊನೆಗೆ ಇನ್ನೊಮ್ಮೆ, ಬೀಸಣಿಗೆ ಎಲೆಗಳನ್ನು ಬಹುತೇಕ ಪೂರ್ತಿ ತೆಗೆಯುವುದು ಇದರ ರೀತಿ. ಗಟ್ಟಿ ಬೇರು, ಪ್ರಖರ ದೀಪ, ಹೊಂದಿಸಿಟ್ಟ ಉಷ್ಣತೆ ಇರುವ ದೊಡ್ಡ ಘಟಕಗಳಲ್ಲಿ ಹುಟ್ಟಿದ ಈ ಕ್ರಮ, ಸೊರಗಿದ ಗಿಡದ ಮೇಲೆ ಪ್ರಯೋಗವಾದಾಗ ಕೊಡುವ ಫಲ ಬೇರೆ. ಹಗಲಿನ ಉದ್ದವನ್ನು ಲೆಕ್ಕಿಸದೆ ವಯಸ್ಸಿಗೆ ಸರಿಯಾಗಿ ಹೂಬಿಡುವ ತಳಿಗಳಲ್ಲಿ ಇದನ್ನು ಮಾಡುವುದು ವಾಡಿಕೆಯಲ್ಲ. ಅವುಗಳ ಇಡೀ ಆಯುಸ್ಸು ಸುಮಾರು ಮೂರು ತಿಂಗಳು, ಚೇತರಿಕೆಗೆ ಬಿಡುವಿಲ್ಲ.

ನಾರಿನ ಹೆಂಪ್ ಬೆಳೆಯಲ್ಲಿ ಎಲೆ ಸವರಿಕೆ ಎಂಬುದೇ ಇಲ್ಲ. ಒತ್ತಾಗಿ ಬಿತ್ತಿದ ಗಿಡಗಳು ಪೈಪೋಟಿಗೆ ಬಿದ್ದು ಎತ್ತರಕ್ಕೇರುತ್ತವೆ, ಬೆಳಕು ಸಿಗದ ಕೆಳ ಎಲೆಗಳು ತಾವೇ ಉದುರಿ ನೆಲಕ್ಕೆ ಗೊಬ್ಬರವಾಗುತ್ತವೆ.

ಪ್ರಯೋಗಗಳು ಹೇಳುವುದು

ದಶಕಗಳ ನಿಷೇಧದಿಂದಾಗಿ ಈ ಬೆಳೆಯ ಬೇಸಾಯ ವಿಜ್ಞಾನ ತೀರ ತಡವಾಗಿ ಶುರುವಾಯಿತು. ಟೊಮೆಟೊ, ದ್ರಾಕ್ಷಿಗಳ ಎಲೆ ತೆಗೆಯುವ ಬಗ್ಗೆ ಗ್ರಂಥಾಲಯ ತುಂಬುವಷ್ಟು ಸಾಹಿತ್ಯವಿದ್ದರೆ ಗಾಂಜಾದ ಬಗ್ಗೆ ನಿಯಂತ್ರಿತ ಪ್ರಯೋಗಗಳು ಕೆಲವೇ.

ಅವುಗಳಲ್ಲಿ ಮುಖ್ಯವಾದವು ವೋಲ್ಕಾನಿ ಕೇಂದ್ರದ ನದಾವ್ ಡಾಂಜಿಗರ್ ಮತ್ತು ನಿರಿತ್ ಬರ್ನ್‌ಸ್ಟೈನ್ 2021ರಲ್ಲಿ ಪ್ರಕಟಿಸಿದ ಅಧ್ಯಯನಗಳು. ಎಲೆ ತೆಗೆಯುವುದು, ಕೆಳರೆಂಬೆ ತೆಗೆಯುವುದು, ಕುಡಿ ಚಿವುಟುವುದು ಮೊದಲಾದ ಕ್ರಮಗಳನ್ನು ಅವರು ಔಷಧ ಗಾಂಜಾದ ಮೇಲೆ ಹೋಲಿಸಿದರು. ಅವರ ಮುಖ್ಯ ಪ್ರಶ್ನೆ ತೂಕದ್ದಲ್ಲ, ಏಕರೂಪತೆಯದ್ದು. ಸವರದ ದೊಡ್ಡ ಗಿಡದಲ್ಲಿ ತುದಿಯ ಗೊಂಚಲಿಗೂ ಬುಡದ ಗೊಂಚಲಿಗೂ ಕ್ಯಾನಬಿನಾಯ್ಡ್ ಪ್ರಮಾಣದಲ್ಲಿ ಅಂತರವಿರುತ್ತದೆ. ಒಂದೇ ಗಿಡದಿಂದ ಕೊಯ್ದ ಔಷಧ ಎರಡು ರೋಗಿಗಳಿಗೆ ಎರಡು ಬಲದ್ದಾಗಬಹುದು. ಗಿಡದೊಳಗೆ ಬೆಳಕು ತೂರುವಂತೆ ಮಾಡಿದ ಕ್ರಮಗಳು ಈ ಅಂತರವನ್ನು ತಗ್ಗಿಸಿದವು. ಔಷಧ ತಯಾರಕರಿಗೆ ಇದು ತೂಕಕ್ಕಿಂತ ದೊಡ್ಡ ಲಾಭ.

ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಎರಡು ಕೆಲಸಗಳು ಇದೇ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿದವು. 2018ರಲ್ಲಿ ಅಲ್ಲಿನ ತಂಡವೊಂದು ಎಲೆಯನ್ನು ಕೀಳುವ ಬದಲು ಎಲೆಚಾವಣಿಯ ಕೆಳಗೇ ಎಲ್‌ಇಡಿ ದೀಪ ಇಟ್ಟು ನೋಡಿತು. ಕೆಳಗಿನ ಗೊಂಚಲುಗಳ ಗುಣವೂ ಒಟ್ಟು ಇಳುವರಿಯೂ ಸುಧಾರಿಸಿದವು. 2021ರ ಇನ್ನೊಂದು ಅಧ್ಯಯನದಲ್ಲಿ ಬೆಳಕಿನ ತೀವ್ರತೆಯನ್ನು 120ರಿಂದ 1,800 ಮೈಕ್ರೊಮೋಲ್‌ವರೆಗೆ ಏರಿಸಿದಂತೆ ಹೂವಿನ ಇಳುವರಿ ನೇರ ಗೆರೆಯಲ್ಲಿ ಏರಿತು, ಬಿಡಿ ಎಲೆಯ ದ್ಯುತಿಸಂಶ್ಲೇಷಣೆ ಅದಕ್ಕೆ ಬಹಳ ಮುಂಚೆಯೇ ತೃಪ್ತವಾದರೂ. ಮೇಲಿನ ಎಲೆಗೆ ಮಿಕ್ಕಿದ ಬೆಳಕು ಕೆಳಗಿನ ಎಲೆಗೆ ದಕ್ಕಿದರೆ ಗಿಡ ಒಟ್ಟಾರೆ ಹೆಚ್ಚು ದುಡಿಯುತ್ತದೆ ಎಂಬ ಸಾಮಾನ್ಯ ಸಸ್ಯವಿಜ್ಞಾನದ ತಿಳಿವಳಿಕೆಗೆ ಇದು ಹೊಂದುತ್ತದೆ. ಇದೇ ಕಾರಣಕ್ಕೆ, ದೀಪ ಮಂದವಾಗಿರುವಲ್ಲಿ ಮೇಲಿನ ಎಲೆ ಕೀಳುವುದರಿಂದ ಉಪಕಾರಕ್ಕಿಂತ ನಷ್ಟವೇ ಜಾಸ್ತಿ. ಕೆಳಗಿಳಿಸಲು ಮಿಗುವ ಬೆಳಕೇ ಅಲ್ಲಿಲ್ಲ.

ರೋಗ ಮತ್ತು ಗಾಯ

ಹೂಗೊಂಚಲು ಬಲಿತು ಒತ್ತಾದಂತೆ ಅದರೊಳಗೆ ತೇವ ನಿಲ್ಲುತ್ತದೆ. ಬೊಟ್ರೈಟಿಸ್ ಸಿನೆರಿಯ ಎಂಬ ಬೂದುಬೂಷ್ಟು ಶಿಲೀಂಧ್ರ ಗೊಂಚಲನ್ನು ಒಳಗಿನಿಂದ ಕೊಳೆಸುತ್ತದೆ. ಹೊರಗೆ ಒಂದು ಗೊಂಚಲೆಲೆ ಅಕಾಲದಲ್ಲಿ ಕಂದಾಗಿ ಬಾಡಿರುವುದು ಎಷ್ಟೋ ಸಲ ಮೊದಲ ಸುಳಿವು, ಅದನ್ನೆಳೆದರೆ ಬುಡದಲ್ಲಿ ಬೂದು ಪುಡಿ ಕಾಣುತ್ತದೆ. ಎಲೆಯ ಮೇಲೆ ಹಿಟ್ಟು ಚೆಲ್ಲಿದಂತೆ ಕಾಣುವ ಬೂದಿರೋಗ ಇನ್ನೊಂದು. ಬ್ರಿಟಿಷ್ ಕೊಲಂಬಿಯದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಜಮೀರ್ ಪುಂಜಾ ಈ ರೋಗಗಳನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಗಿಡದೊಳಗಿನ ತೇವ ತಗ್ಗಿಸಲು ಎಲೆ ತೆಳುಗೊಳಿಸುವುದಕ್ಕೆ ಇಲ್ಲಿ ಸ್ಪಷ್ಟ ಕಾರಣವಿದೆ, ಮತ್ತು ಸವರಿಕೆಯ ಪರವಾಗಿ ಅತಿ ಗಟ್ಟಿಯಾದ ವಾದವೂ ಇದೇ.

ಆದರೆ ಪ್ರತಿ ಕತ್ತರಿಯೇಟೂ ಒಂದು ಗಾಯ. ಬೂದುಬೂಷ್ಟು ಗಾಯದ ಮೂಲಕವೂ ಒಳಹೊಗುತ್ತದೆ. ಸವರಿದ ದಿನ ಕೋಣೆಯ ಗಾಳಿ ತೇವವಾಗಿದ್ದರೆ ತಡೆಯಲು ಹೊರಟ ರೋಗವನ್ನೇ ಕರೆತಂದಂತೆ. ಇದಕ್ಕಿಂತ ದೊಡ್ಡ ಅಪಾಯ ಹಾಪ್ ಬಳ್ಳಿಯಿಂದ ಹೆಸರು ಪಡೆದ ಹಾಪ್ ಲೇಟೆಂಟ್ ವೈರಾಯ್ಡ್. ವೈರಸ್ಸಿಗಿಂತಲೂ ಚಿಕ್ಕದಾದ, ಬರಿಯ ಆರ್‌ಎನ್‌ಎ ಉಂಗುರವಾದ ಈ ರೋಗಕಾರಕ ಗಾಂಜಾದಲ್ಲಿ ಇರುವುದು 2019ರಲ್ಲಿ ವರದಿಯಾಯಿತು. ಕೆಲವು ಸೋಂಕಿತ ಗಿಡಗಳಲ್ಲಿ ಮೊದಲಿಗೆ ಲಕ್ಷಣವೇ ಕಾಣದು; ಹೂಬಿಡುವ ಹೊತ್ತಿಗೆ ಗೊಂಚಲು ಚಿಕ್ಕದಾಗಿ, ಅಂಟು ಕಡಿಮೆಯಾಗಿರುವುದು ಗೊತ್ತಾಗುತ್ತದೆ. ಅದು ಗಿಡದಿಂದ ಗಿಡಕ್ಕೆ ದಾಟುವ ಮುಖ್ಯ ವಾಹನಗಳಲ್ಲಿ ಒಂದು ಕತ್ತರಿಯ ಅಲಗಿಗೆ ಮೆತ್ತಿದ ರಸ. ಸಾವಿರ ಗಿಡವನ್ನು ಒಂದೇ ಕತ್ತರಿಯಿಂದ ಸವರುತ್ತ ಹೋಗುವ ಕೆಲಸಗಾರ ಸಾವಿರ ಗಿಡಕ್ಕೂ ಅದನ್ನು ಹಂಚಬಲ್ಲ. ಪರವಾನಗಿ ಘಟಕಗಳಲ್ಲಿ ಈಗ ಗಿಡ ಗಿಡಕ್ಕೂ ಕತ್ತರಿಯನ್ನು ಬ್ಲೀಚ್ ದ್ರಾವಣದಲ್ಲಿ ಅದ್ದುವ, ಎರಡು ಕತ್ತರಿ ಇಟ್ಟುಕೊಂಡು ಒಂದು ನೆನೆಯುವಾಗ ಇನ್ನೊಂದನ್ನು ಬಳಸುವ ಶಿಸ್ತು ಬಂದಿದೆ. ಆಲ್ಕೊಹಾಲಿನಲ್ಲಿ ಒರೆಸಿದರೆ ಅಂಟು ಹೋಗುತ್ತದೆಯೇ ಹೊರತು ವೈರಾಯ್ಡ್ ನಾಶವಾಗುವ ಭರವಸೆಯಿಲ್ಲ.

ವಿಪರೀತ ಒತ್ತಡಕ್ಕೆ ಸಿಕ್ಕ ಹೆಣ್ಣು ಗಿಡ ಕೆಲವೊಮ್ಮೆ ಗಂಡು ಕೇಸರಗಳನ್ನೂ ಬಿಟ್ಟು ತನ್ನಲ್ಲೇ ಬೀಜ ಕಟ್ಟುತ್ತದೆ. ಇದರಲ್ಲಿ ತಳಿಗುಣದ ಪಾಲು ದೊಡ್ಡದು. ಎಲೆ ಕಿತ್ತದ್ದರಿಂದಲೇ ಹೀಗಾಯಿತೆಂದು ದೂರುವುದು ಸುಲಭ, ತೋರಿಸುವುದು ಕಷ್ಟ.

ಇತರ ಬೆಳೆಗಳಲ್ಲಿ

ಎಲೆ ತೆಗೆದು ಫಲ ಪಡೆಯುವ ಉಪಾಯ ಗಾಂಜಾದ ಸ್ವತ್ತಲ್ಲ. ವಿಜಯಪುರ, ಬಾಗಲಕೋಟೆಯ ದ್ರಾಕ್ಷಿ ತೋಟಗಳಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ ವರ್ಷಕ್ಕೆರಡು ಬಾರಿ ಚಾಟ್ನಿ, ಅಂದರೆ ಬಳ್ಳಿಯ ಸವರಿಕೆ, ಮಾಡುತ್ತಾರೆ. ಗೊನೆಯ ಸುತ್ತ ಗಾಳಿಯಾಡಲೆಂದು ಎಲೆಯನ್ನೂ ತೆಳುಗೊಳಿಸುತ್ತಾರೆ. ಬೂದಿರೋಗದ ಭಯ ಅಲ್ಲೂ ಅದೇ. ದಾಳಿಂಬೆ ಬೆಳೆಗಾರರು ಹಸ್ತ ಬಹಾರ್, ಮೃಗ ಬಹಾರ್ ಎಂದು ಹೂವಿನ ಕಾಲ ಗೊತ್ತುಮಾಡಿಕೊಂಡು, ನೀರು ನಿಲ್ಲಿಸಿ, ಎಥೆಫಾನ್ ಸಿಂಪಡಿಸಿ ಗಿಡದ ಎಲೆಯನ್ನೆಲ್ಲ ಉದುರಿಸುತ್ತಾರೆ. ಮತ್ತೆ ನೀರು ಕೊಟ್ಟಾಗ ಚಿಗುರಿನೊಂದಿಗೆ ಹೂ ಒಟ್ಟಿಗೆ ಬರುತ್ತದೆ. ಅಲ್ಲಿ ಎಲೆ ಹೋಗುವುದು ಹೂವಿಗೆ ಮುಂಚೆ, ಹೊಸ ಎಲೆ ಹಿಂದೆಯೇ ಬರುತ್ತದೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನಲ್ಲಿ ಲೆಕ್ಕ ತಿರುವುಮುರುವು: ಎಲೆ ದಪ್ಪವಾಗಲೆಂದು ಹೂವಿನ ತಲೆಯನ್ನೇ ಮುರಿದುಹಾಕುತ್ತಾರೆ. ಯಾವುದು ಸರಕೋ ಅದಕ್ಕೆ ಉಣಿಸಿ, ಉಳಿದದ್ದನ್ನು ಕಳೆಯುವುದು ಈ ಎಲ್ಲದರ ಹಿಂದಿರುವ ತತ್ತ್ವ.

ಕಾನೂನು ಮತ್ತು ಇಂದಿನ ಸ್ಥಿತಿ

ಉರುಗ್ವೆ 2013ರಲ್ಲಿ, ಕೆನಡಾ 2018ರ ಅಕ್ಟೋಬರ್ 17ರಿಂದ, ಜರ್ಮನಿ 2024ರ ಏಪ್ರಿಲ್ 1ರಿಂದ ವಯಸ್ಕರಿಗೆ ಗಾಂಜಾವನ್ನು ಕಟ್ಟುಪಾಡಿನೊಳಗೆ ಕಾನೂನುಬದ್ಧಗೊಳಿಸಿದವು. ಕೆನಡಾದಲ್ಲಿ ಮನೆಯೊಂದಕ್ಕೆ 4 ಗಿಡ, ಜರ್ಮನಿಯಲ್ಲಿ ವಯಸ್ಕರೊಬ್ಬರಿಗೆ 3 ಗಿಡದ ಮಿತಿಯಿದೆ. 2018ರಲ್ಲಿ ಕೆನಡಾದ ಕೆಲವು ಪ್ರಾಂತಗಳು ಮನೆಯಲ್ಲಿ ಬೆಳೆಯಲು ಬಿಟ್ಟಿರಲಿಲ್ಲ. ಗಿಡದ ಸಂಖ್ಯೆಗೆ ಮಿತಿ ಬಿದ್ದ ಕಡೆ ಒಂದೊಂದು ಗಿಡವನ್ನೂ ದೊಡ್ಡದಾಗಿ ಬೆಳೆಸುವ ಆಸೆ ಹೆಚ್ಚುತ್ತದೆ, ದೊಡ್ಡ ಗಿಡದಲ್ಲಿ ನೆರಳೂ ಹೆಚ್ಚು. ದೊಡ್ಡ ಘಟಕಗಳು ಮಾತ್ರ ಎದುರು ದಿಕ್ಕಿಗೆ ಹೊರಳಿವೆ: ಕೂಲಿ ಉಳಿಸಲು ಗಿಡ್ಡ ಗಿಡಗಳನ್ನು ಒತ್ತಾಗಿ ಇಟ್ಟು, ಗೊಂಚಲಿಗೆ ಹೋಲಿಸಿದರೆ ಎಲೆ ಕಡಿಮೆಯಿರುವ ತಳಿಗಳನ್ನು ಆರಿಸಿಕೊಂಡು, ಸವರುವ ಅಗತ್ಯವನ್ನೇ ಕುಗ್ಗಿಸುತ್ತಿವೆ.

ಭಾರತದ 1985ರ ಮಾದಕ ವಸ್ತು ಮತ್ತು ಮನೋತ್ತೇಜಕ ಪದಾರ್ಥಗಳ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಗಾಂಜಾ ಗಿಡ ಬೆಳೆದವರಿಗೆ 10 ವರ್ಷದವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ನಾರು, ಬೀಜ ಮತ್ತು ತೋಟಗಾರಿಕೆಯ ಉದ್ದೇಶಕ್ಕೆ ಸರ್ಕಾರ ಅನುಮತಿ ಕೊಡಲು ಕಾಯ್ದೆಯ 14ನೆಯ ಕಲಮಿನಲ್ಲಿ ಅವಕಾಶವಿದೆ. ಉತ್ತರಾಖಂಡ ಟಿಎಚ್‌ಸಿ ಶೇ. 0.3ರ ಒಳಗಿರುವ ಹೆಂಪ್‌ಗೆ ಪರವಾನಗಿ ಕೊಟ್ಟಿದೆ. ಜಮ್ಮುವಿನ ಸಿಎಸ್‌ಐಆರ್ ಸಂಸ್ಥೆಯಲ್ಲಿ ಔಷಧ ಗಾಂಜಾದ ಸಂಶೋಧನೆ ನಡೆದಿದೆ.

ಸವರಿದ ಎಲೆಯ ಸ್ಥಾನಮಾನ ಮಾತ್ರ ದೇಶದಿಂದ ದೇಶಕ್ಕೆ ಬೇರೆ. 1961ರ ಅಂತರರಾಷ್ಟ್ರೀಯ ಒಡಂಬಡಿಕೆ ಗಾಂಜಾವನ್ನು ಹೂ ಇಲ್ಲವೆ ಕಾಯಿ ಹೊತ್ತ ತುದಿಗಳು ಎಂದು ನಿರೂಪಿಸಿ, ತುದಿಯೊಂದಿಗೆ ಸೇರಿರದ ಎಲೆಯನ್ನೂ ಬೀಜವನ್ನೂ ಹೊರಗಿಟ್ಟಿತು. ಭಾರತದ ಕಾಯ್ದೆಯೂ ಇದನ್ನೇ ಅನುಸರಿಸುತ್ತದೆ. ಭಂಗಿ ಸೊಪ್ಪಿನ ನಿಯಂತ್ರಣ ರಾಜ್ಯಗಳ ಅಬಕಾರಿ ಕಾನೂನಿಗೆ ಉಳಿದದ್ದು ಹೀಗೆ, ಮತ್ತು 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಅರ್ಜಿಯೊಂದರಲ್ಲಿ ಭಂಗ್ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳಿದ್ದೂ ಇದರ ಆಧಾರದ ಮೇಲೆ. ಗಿಡ ಬೆಳೆಯುವುದು ಅಪರಾಧ, ಅದರಿಂದ ಬೇರ್ಪಟ್ಟ ಎಲೆ ಗಾಂಜಾ ಅಲ್ಲ. ಕೆನಡಾದಲ್ಲಿ ಗಿಡ ಬೆಳೆಯಲು ಪರವಾನಗಿ ಸಿಗುತ್ತದೆ. ಆದರೆ ಅಲ್ಲಿನ ಕಾಯ್ದೆ ಬಲಿತ ಬರಿಗಾಂಡ, ನಾರು, ಬೇರುಗಳನ್ನು ಬಿಟ್ಟಂತೆ ಎಲೆಯನ್ನು ಬಿಟ್ಟಿಲ್ಲ. ಅಲ್ಲಿನ ಪರವಾನಗಿ ಘಟಕದಲ್ಲಿ ಕತ್ತರಿಗೆ ಸಿಕ್ಕು ನೆಲಕ್ಕೆ ಬಿದ್ದ ಎಲೆಯೂ ಗಾಂಜಾವೇ. ಅದನ್ನು ನಿಯಮದ ಪ್ರಕಾರವೇ ನಾಶಪಡಿಸಬೇಕು.